ಭಾರಿ ಗಾತ್ರದ ಟಿವಿ ಅಳವಡಿಕೆ: ಕೂಲಿಯೇ ಬೇರೆ, ಅಪಾಯದ ಬೆಲೆಯೇ ಬೇರೆ

ಪ್ರಶ್ನೆ: ಹಲವು ವರ್ಷಗಳಿಂದ ಟಿವಿ ಅಳವಡಿಸುವ ಕೆಲಸ ಮಾಡುತ್ತಿದ್ದೇನೆ. ಗ್ರಾಹಕರೊಬ್ಬರು 98 ಇಂಚಿನ ಟಿವಿಯನ್ನು ಮಹಡಿಗೆ ಸಾಗಿಸಿ, ಗೋಡೆಯಲ್ಲಿ ಅದರ ಅಳತೆಗೇ ಮಾಡಿಸಿರುವ ಮರದ ಗೂಡಿನಲ್ಲಿ ಕೂರಿಸಬೇಕೆಂದು ಕೇಳಿದ್ದಾರೆ. ಮಾಮೂಲಿ ದರದ ಎರಡು ಪಟ್ಟು ಕೇಳಿದರೆ ಸಾಕೇ? ಪರದೆ ಒಡೆದರೆ ಹೊಣೆ ಯಾರದು?

ಉತ್ತರ: ಎರಡು ಪಟ್ಟು, ಮೂರು ಪಟ್ಟು ಎಂಬ ಲೆಕ್ಕವೇ ಇಲ್ಲಿ ದಾರಿ ತಪ್ಪಿಸುತ್ತದೆ. ಕೂಲಿ ಏರುವುದು ಗಂಟೆ ಮತ್ತು ಆಳುಗಳ ಲೆಕ್ಕದಲ್ಲಾದರೆ, ನಷ್ಟ ಏರುವುದು ಟಿವಿಯ ಬೆಲೆಯ ಲೆಕ್ಕದಲ್ಲಿ. ಪರದೆ ಒಡೆದರೆ ಅದನ್ನು ಬದಲಿಸುವ ಖರ್ಚು ಹಲವು ಸಲ ಹೊಸ ಟಿವಿಯ ಬೆಲೆಯ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ದರಪಟ್ಟಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ. ಇಂತಹ 50 ಕೆಲಸಗಳಲ್ಲಿ ಒಂದು ಪರದೆ ಒಡೆಯಬಹುದೆಂದು ನಿಮ್ಮ ಅನುಭವ ಹೇಳಿದರೆ, ಪ್ರತಿ ಕೆಲಸವೂ ಟಿವಿ ಬೆಲೆಯ ಶೇ 2ರಷ್ಟನ್ನು ಹೊರಬೇಕು. ಆದರೆ ವರ್ಷಕ್ಕೆ ನಾಲ್ಕೈದು ಮಾತ್ರ ಮಾಡುವವರನ್ನು ಈ ಸರಾಸರಿ ಕಾಪಾಡುವುದಿಲ್ಲ, ಏಕೆಂದರೆ ಒಡೆಯುವುದು ಮೊದಲನೆಯದೇ ಆಗಿರಬಹುದು. ಅಂಥವರಿಗೆ ವಿಮೆ ಬೇಕೇ ಬೇಕು. ಕೆಲಸದ ವೇಳೆ ನಿಮ್ಮ ಕೈಯಲ್ಲೇ ಇರುವ ಗ್ರಾಹಕರ ವಸ್ತುವಿಗೆ ಹಲವು ಹೊಣೆಗಾರಿಕೆ ಪಾಲಿಸಿಗಳು ಪರಿಹಾರ ಕೊಡುವುದಿಲ್ಲವಾದ್ದರಿಂದ, ಈ ಅಂಶವನ್ನು ವಿಮಾ ಕಂಪನಿಯಿಂದ ಲಿಖಿತವಾಗಿಯೇ ಕೇಳಿ ಪಡೆಯಿರಿ.

ಹೊಣೆಯ ಪ್ರಶ್ನೆ ತೀರ್ಮಾನವಾಗುವುದು ಪೆಟ್ಟಿಗೆ ತೆರೆದ ಕ್ಷಣದಲ್ಲಿ. ಸಾಗಣೆಯಲ್ಲಿ ಪೆಟ್ಟು ತಿಂದ ಪರದೆಯ ಮೇಲೆ ಕೆಲವೊಮ್ಮೆ ಒಂದು ಗೀರೂ ಕಾಣುವುದಿಲ್ಲ. ವಿದ್ಯುತ್ ಕೊಟ್ಟು ಬಿಳಿ ಚಿತ್ರ ಮೂಡಿಸಿದಾಗಲಷ್ಟೇ ಕೆಳಮೂಲೆಯಿಂದ ಕವಲೊಡೆದ ಕಪ್ಪು ಗೆರೆ ಎದ್ದು ಬರುತ್ತದೆ. ಟಿವಿಯನ್ನು ಮಲಗಿಸದೆ, ನೆಟ್ಟಗೆ ನಿಲ್ಲಿಸಿ, ಗ್ರಾಹಕರ ಎದುರಿನಲ್ಲೇ ಆನ್ ಮಾಡಿ, ಫೋಟೊ ತೆಗೆದು, ಅವರ ಸಹಿ ಪಡೆದ ಬಳಿಕವೇ ಎತ್ತಿರಿ. ಅಲ್ಲಿಂದ ಮುಂದೆ ನಿಮ್ಮವರ ಕೈತಪ್ಪಿನಿಂದ ಆದ ಹಾನಿ ನಿಮ್ಮದೇ. ಅದರಿಂದ ನುಣುಚಿಕೊಳ್ಳುವ ಷರತ್ತನ್ನು ಬರೆಸಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಆದರೆ ಹೊಣೆಗೆ ಒಂದು ಗರಿಷ್ಠ ಮಿತಿಯನ್ನು ಮೊದಲೇ ಬರೆದು ಒಪ್ಪಿಸುವುದು ನ್ಯಾಯವೇ.

ಇನ್ನು ಆ ಗೂಡು. ನನಗೆ ಹೆಚ್ಚು ಆತಂಕ ತರುವುದು ಅದೇ. 98 ಇಂಚಿನ ಪರದೆ ಸುಮಾರು 217 ಸೆಂ.ಮೀ. ಅಗಲ, 122 ಸೆಂ.ಮೀ. ಎತ್ತರವಿದ್ದು, ಟಿವಿಯ ತೂಕ ಸಾಮಾನ್ಯವಾಗಿ 50 ಕೆ.ಜಿ. ದಾಟುತ್ತದೆ. ಬಯಲು ಗೋಡೆಯಾದರೆ ಕೊಕ್ಕೆಗೆ ಸಿಕ್ಕಿಸುವವರೆಗೂ ಅಂಚನ್ನು ಹಿಡಿದಿರಬಹುದು. ಅಳತೆಗೆ ಸರಿಯಾಗಿ ಕೊರೆದ ಗೂಡಿನಲ್ಲಿ ಕೊನೆಯ ಒಂದಿಂಚಿಗೆ ಬೆರಳು ಹೊರತೆಗೆಯಲೇಬೇಕು. ಆಗ ಭಾರವೆಲ್ಲ ಒಂದು ಮೂಲೆಗೆ ವಾಲಿ, ಅದನ್ನು ತಡೆಯಲು ಹೋದ ಹೆಬ್ಬೆರಳು ಗಾಜನ್ನೇ ಒತ್ತುತ್ತದೆ. ಈ ಅಪಾಯಕ್ಕೆ ದರ ಕಟ್ಟಲು ಹೋಗಬೇಡಿ, ಅಪಾಯವನ್ನೇ ತೆಗೆಯಿರಿ. ಸುತ್ತ ಕೈ ಆಡುವಷ್ಟು ಜಾಗ ಬಿಡಿಸಿ, ಮುಂದಕ್ಕೆ ಎಳೆಯಬಹುದಾದ ಸ್ಟ್ಯಾಂಡ್ ಹಾಕಿಸಿ. ಗಾಳಿಯಾಡಲು ಮತ್ತು ಮುಂದೆ ರಿಪೇರಿಗೂ ಆ ಜಾಗ ಬೇಕು. ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ನೆಟ್ಟಗೆ ನಿಂತೇ ತಿರುಗುತ್ತದೆಯೇ ಎಂದು ಅಳೆಯಲು ಒಮ್ಮೆ ಹೋಗಿಬನ್ನಿ, ಆ ಭೇಟಿಗೂ ಶುಲ್ಕ ಪಡೆಯಿರಿ. ದರ ಹೇಳುವುದು ಅದಾದ ಮೇಲೆಯೇ. ಗೂಡನ್ನು ಅಗಲಿಸಲು ಅವರು ಒಪ್ಪದಿದ್ದರೆ, ಎಷ್ಟು ಕೊಡುತ್ತೇನೆಂದರೂ ಈ ಕೆಲಸ ಹಿಡಿಯಬೇಡಿ.