ಉಪ್ಪಿನ ಕೆರೆಯ ತಳದಲ್ಲಿ ಸಿಹಿನೀರಿನ ಕೆಸರು

ಪ್ರಶ್ನೆ: ಹೋದ ಡಿಸೆಂಬರ್‌ನಲ್ಲಿ ರಾಜಸ್ಥಾನದ ಡೀಡ್ವಾನಾದಲ್ಲಿ ಉಪ್ಪಿನ ಕೆರೆ ನೋಡಿದೆವು. ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು, ಅದರಾಚೆ ಮರಳು ದಿಬ್ಬ. ‘ಒಂದು ಕಾಲಕ್ಕೆ ಇಲ್ಲಿ ಸಿಹಿನೀರಿತ್ತು, ಮಳೆ ಜಾಸ್ತಿ ಇತ್ತು’ ಎಂದರು ಗೈಡ್. ಸಾವಿರಾರು ವರ್ಷ ಹಿಂದಿನ ಮಳೆ ಇವರಿಗೆ ಹೇಗೆ ಗೊತ್ತಾಯಿತು? ಆ ಮಳೆ ನಿಂತಿದ್ದಕ್ಕೇ ಹರಪ್ಪದವರು ಊರು ಬಿಟ್ಟರು ಅನ್ನೋದು ನಿಜವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗೈಡ್ ಸುಮ್ನೆ ಹೇಳಿದ್ದಲ್ಲ. ಸಾಕ್ಷಿ ನೀವು ನಿಂತಿದ್ದ ಜಾಗದ ಕೆಳಗೇ ಇದೆ.

ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯುವಾಗ ಗುಂಡಿಯ ಪಕ್ಕೆಯನ್ನು ನೋಡಿದ್ದೀರಾ? ಒಂದು ಪಟ್ಟಿ ಕಪ್ಪು, ಒಂದು ಬೂದು, ನಡುವೆ ಒಂದು ಗೆರೆ ಮರಳು. ಡೀಡ್ವಾನಾದಲ್ಲೂ ಹೀಗೇ, ಆದರೆ ಅಲ್ಲಿ ಒಂದು ಅನುಕೂಲ ಜಾಸ್ತಿ. ಆ ಕೆರೆಗೆ ಕೋಡಿ ಇಲ್ಲ. ಒಳಗೆ ಬಂದ ನೀರು ಆವಿಯಾಗಿಯೇ ಹೋಗಬೇಕು. ಅದು ಹೊತ್ತು ತಂದಿದ್ದೆಲ್ಲ ಅಲ್ಲೇ ಕೂರುತ್ತದೆ.

ಹಾಗಾಗಿ ತಳಕ್ಕೆ ಕೊಳವೆ ಇಳಿಸಿ ಕೆಸರನ್ನು ಕಂಬದ ಹಾಗೆ ಹೊರಗೆ ತೆಗೆಯುತ್ತಾರೆ. ಅದನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಮಲಗಿಸಿದರೆ ಮೊದಲು ನೋಡುವುದು, ಯಾವ ಮಟ್ಟದಲ್ಲಿ ಯಾವ ಉಪ್ಪು ಅಂತ. ನೀರು ಆವಿಯಾಗುತ್ತಾ ಹೋದ ಹಾಗೆ ಮೊದಲು ಸುಣ್ಣದ ಅಂಶ ತಳ ಸೇರುತ್ತದೆ, ಆಮೇಲೆ ಜಿಪ್ಸಂ, ಕೊನೆಗೆ ಅಡುಗೆ ಉಪ್ಪು. ಸಮುದ್ರದ ನೀರಾದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೆಯೇ ಅಡುಗೆ ಉಪ್ಪು ಹರಳುಗಟ್ಟುವುದು. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಕೆಲಸ ಮಾಡುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ! ಬಿಳಿ ಪಟ್ಟಿಯ ಮೇಲೆ ಒಂದು ತೊಟ್ಟು ಆ್ಯಸಿಡ್ ಬಿಟ್ಟಾಗ ಸೋಡಾದಂತೆ ಬುಸ್ಸೆಂದು ನೊರೆ ಬಂದರೆ ಸುಣ್ಣ. ಜಿಪ್ಸಂ, ಉಪ್ಪು ಎರಡೂ ನೊರೆ ಬರುವುದಿಲ್ಲ. ಉಪ್ಪಿನ ಪಟ್ಟಿ ಸಿಕ್ಕಿತು ಅಂದರೆ ಕೆರೆ ಬತ್ತುವ ಹಂತಕ್ಕೆ ಬಂದಿತ್ತು. ತೆಳ್ಳಗೆ, ಸಮನಾಗಿ ಕೂತ ಜೇಡಿ ಸಿಕ್ಕರೆ ಮೇಲೆ ನಿಂತ ನೀರಿತ್ತು.

ಡೀಡ್ವಾನಾದಲ್ಲಿ ಸಿಕ್ಕಿದ್ದು ಮೊದಲ ನೋಟಕ್ಕೆ ತಲೆಕೆಳಗು ಅನ್ನಿಸುತ್ತದೆ. ತಳದ ಕಡೆ, ಸುಮಾರು 20,000 ವರ್ಷ ಹಿಂದಿನ ಹಿಮಯುಗದ ಮಟ್ಟದಲ್ಲಿ, ಉಪ್ಪೋ ಉಪ್ಪು. ಅದರ ಮೇಲೆ ಒಂದು ಸಲ ಒಣ, ಒಂದು ಸಲ ನೀರು ಅನ್ನುವ ಏರಿಳಿತ. ಸುಮಾರು 7,000 ವರ್ಷದ ಆಸುಪಾಸಿಗೆ ಬಂದರೆ ಸಿಹಿನೀರಿನ, ಆಳದ ಕೆರೆ. 4,000 ವರ್ಷದಿಂದ ಈಚೆಗೆ ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಒಣಗುವ ಈಗಿನ ಕಥೆ.

ಉಪ್ಪೊಂದೇ ಅಲ್ಲ, ಪರಾಗವೂ ಇದೆ. ಹೂವಿನ ಪರಾಗದ ಹೊರಕವಚ ಎಷ್ಟು ಗಟ್ಟಿ ಅಂದರೆ, ಮರಳನ್ನೇ ಕರಗಿಸುವ ಆ್ಯಸಿಡ್‌ನಲ್ಲಿ ಹಾಕಿದರೂ ಉಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಪರಾಗತಜ್ಞ ಗುರುದೀಪ್ ಸಿಂಗ್ ಮತ್ತು ಸಂಗಡಿಗರು ರಾಜಸ್ಥಾನದ ಸಾಂಭರ್, ಡೀಡ್ವಾನಾ, ಲೂಣ್‌ಕರಣ್‌ಸರ್ ಕೆರೆಗಳ ಕೆಸರಿನಿಂದ ಹೀಗೇ ಪರಾಗ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದರು. ನೀರಂಚಿನಲ್ಲಿ ಬೆಳೆಯುವ ಜೊಂಡಿನ ಪರಾಗ ಈ ಮರುಭೂಮಿಯ ಕೆಸರಿನಲ್ಲಿತ್ತು.

ವಯಸ್ಸು ಹೇಳುವುದು ಕಾರ್ಬನ್-14, ಅಂದರೆ ಕಾಲ ಕಳೆದ ಹಾಗೆ ಗೊತ್ತಾದ ಲೆಕ್ಕದಲ್ಲಿ ಕಡಿಮೆಯಾಗುತ್ತಾ ಹೋಗುವ ಒಂದು ಬಗೆಯ ಕಾರ್ಬನ್. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಸುಣ್ಣಕಲ್ಲಿನಿಂದ ಕರಗಿ ಬಂದ ಹಳೇ ಕಾರ್ಬನ್ ಕೆರೆಗೆ ಸೇರಿದ್ದರೆ ಕೆಸರು ತನ್ನ ವಯಸ್ಸಿಗಿಂತ ಹಳೆಯದಾಗಿ ಕಾಣುತ್ತದೆ. ಪತ್ರಿಕೆಗಳಲ್ಲಿ ಬರುವ ‘ಇಷ್ಟೇ ವರ್ಷ’ ಅನ್ನುವ ಅಂಕಿಯನ್ನು ನಾನು ಸುತ್ತಮುತ್ತಲಿನ ಅಂಕಿ ಅಂತಲೇ ಓದುತ್ತೇನೆ.

ಮಳೆ ಜಾಸ್ತಿಯಾಗಲು ಕಾರಣ ಆಕಾಶದಲ್ಲಿದೆ. ಭೂಮಿ ಈಗ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಮೊದಲ ವಾರ, ನಮ್ಮ ಚಳಿಗಾಲದಲ್ಲಿ. ಸುಮಾರು 10,000 ವರ್ಷ ಹಿಂದೆ ಅದು ಬೇಸಿಗೆಯ ಆಸುಪಾಸಿನಲ್ಲಿತ್ತು. ನೆಲ ಜಾಸ್ತಿ ಕಾದು, ಮುಂಗಾರನ್ನು ಜೋರಾಗಿ ಎಳೆದುಕೊಂಡಿತು. ಸಹಾರಾದಲ್ಲೂ ಆಗ ಕೆರೆಗಳು ತುಂಬಿದ್ದವು. ಹಾಗಂತ ಕೆರೆ ತುಂಬಿದ್ದಕ್ಕೆಲ್ಲ ಮುಂಗಾರೇ ಕಾರಣ ಅನ್ನುವ ಹಾಗಿಲ್ಲ. ಥಾರ್‌ನಲ್ಲಿ ಚಳಿಗಾಲದ ಮಳೆಯ ಪಾಲು ಎಷ್ಟು ಅನ್ನುವ ಚರ್ಚೆ ಇದೆ.

ಇನ್ನು ಹರಪ್ಪದ ಮಾತು. ಮಳೆಗೂ ಹರಪ್ಪಕ್ಕೂ ನಂಟು ಹಾಕಿದವರಲ್ಲಿ ಗುರುದೀಪ್ ಸಿಂಗ್ ಒಬ್ಬರು. ಆದರೆ 1999ರಲ್ಲಿ ಲೂಣ್‌ಕರಣ್‌ಸರ್ ಕೆಸರನ್ನು ಮತ್ತೆ ನೋಡಿದ ಇನ್ನೊಂದು ತಂಡಕ್ಕೆ, ಆ ಕೆರೆ 5,000 ವರ್ಷಕ್ಕೂ ಹಿಂದೆಯೇ ಒಣಗಿದ್ದು ಕಂಡಿತು. ಹರಪ್ಪದ ದೊಡ್ಡ ನಗರಗಳ ಕಾಲ ಕ್ರಿ.ಪೂ. 2600ರಿಂದ 1900. ಅಂದರೆ ಅಲ್ಲಿ ಕೆರೆ ಬತ್ತಿದ ಮೇಲೆಯೇ ಊರುಗಳು ಬೆಳೆದವು! 2014ರಲ್ಲಿ ಹರಿಯಾಣದ ಕೋಟ್ಲಾ ದಾಹರ್ ಕೆರೆಯ ಬಸವನಹುಳುವಿನ ಚಿಪ್ಪುಗಳಲ್ಲಿ ಬೇರೆ ಸುಳಿವು ಸಿಕ್ಕಿತು. ನೀರು ಆವಿಯಾದಷ್ಟೂ ಭಾರದ ಆಮ್ಲಜನಕ (ತೂಕ ತುಸು ಜಾಸ್ತಿ ಇರುವ ಬಗೆ) ಕೆರೆಯಲ್ಲಿ ಉಳಿಯುತ್ತದೆ, ಹುಳು ಅದನ್ನೇ ತನ್ನ ಚಿಪ್ಪಿಗೆ ಸೇರಿಸಿಕೊಳ್ಳುತ್ತದೆ. ಸುಮಾರು 4,100 ವರ್ಷ ಹಿಂದೆ ಮುಂಗಾರು ಕೈಕೊಟ್ಟಿದ್ದು ಈ ಚಿಪ್ಪುಗಳಲ್ಲಿ ಕಾಣುತ್ತದೆ, ಮತ್ತು ಆ ತಾರೀಖು ನಗರಗಳು ಕುಗ್ಗಿದ ಕಾಲಕ್ಕೆ ಹತ್ತಿರ ಬರುತ್ತದೆ. ನನ್ನನ್ನು ಕೇಳಿದರೆ, ಮಳೆ ಕಡಿಮೆಯಾದದ್ದು ಒಂದು ಕಾರಣ ಅನ್ನಬಹುದು. ‘ಅದಕ್ಕೇ’ ಅಂತ ಒತ್ತಿ ಹೇಳಲು ಈ ಎರಡು ಕೆರೆಗಳೇ ಬಿಡುವುದಿಲ್ಲ.