ಚರ್ಚಿಲ್ ನಿಜವಾಗಿಯೂ ಚಿತ್ರ ಬರೆಯುತ್ತಿದ್ದರಾ? ಆ ಹವ್ಯಾಸ ಹೇಗೆ ಬಂತು?

ಹೌದು. ಬ್ರಿಟನ್ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ 500ಕ್ಕೂ ಜಾಸ್ತಿ ಚಿತ್ರ ಬರೆದಿದ್ದಾರೆ.

ಶುರುವಾಗಿದ್ದು 1915ರಲ್ಲಿ, ಅವರ 40ನೇ ವಯಸ್ಸಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ನಡೆಸಿದ ಕಾರ್ಯಾಚರಣೆ ಕೈಕೊಟ್ಟು, ಅವರ ಕೈಲಿದ್ದ ನೌಕಾ ಖಾತೆಯ ಮಂತ್ರಿ ಪದವಿ ಹೋಗಿತ್ತು. ಮನಸ್ಸು ಕುಸಿದಿತ್ತು. ಆಗ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಒಂದು ಹಳ್ಳಿಮನೆಯಲ್ಲಿ ತಮ್ಮನ ಹೆಂಡತಿ ಗ್ವೆಂಡಲಿನ್, ಮಕ್ಕಳ ಬಣ್ಣದ ಪೆಟ್ಟಿಗೆಯನ್ನೇ ಅವರ ಕೈಗೆ ಕೊಟ್ಟರು. ತೈಲವರ್ಣಕ್ಕೆ ಬಂದಾಗ ಮಾತ್ರ ಖಾಲಿ ಕ್ಯಾನ್ವಾಸ್ ನೋಡಿ ಕೈ ಓಡಲಿಲ್ಲ. ಕಲಾವಿದ ಜಾನ್ ಲೇವರಿಯವರ ಪತ್ನಿ ಹೇಜಲ್ ಬಂದು, ದೊಡ್ಡ ಕುಂಚ ಹಿಡಿದು ರಪರಪನೆ ಬಣ್ಣ ಬಳಿದರು. ಅಲ್ಲಿಗೆ ಹೆದರಿಕೆ ಬಿಟ್ಟಿತು! ನನಗೆ ಈ ಘಟನೆ ತುಂಬಾ ಇಷ್ಟ. ಅಷ್ಟು ದೊಡ್ಡ ಮನುಷ್ಯನಿಗೂ ಯಾರೋ ಧೈರ್ಯ ತುಂಬಬೇಕಾಯಿತು ಅಲ್ವಾ?

ಗಾಢ ಬಣ್ಣ, ಬಿಸಿಲು, ನೀರು ಅಂದರೆ ಅವರಿಗೆ ಪ್ರಾಣ. ಎರಡನೇ ಮಹಾಯುದ್ಧದ ಉದ್ದಕ್ಕೂ ಬರೆದಿದ್ದು ಒಂದೇ ಚಿತ್ರ. 1943ರಲ್ಲಿ ಮೊರಾಕೊದ ಮರಾಕೇಶ್‌ನಲ್ಲಿ ಕುತುಬಿಯಾ ಮಸೀದಿಯ ಗೋಪುರವನ್ನು ಬರೆದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಉಡುಗೊರೆ ಕೊಟ್ಟರು.

ಹೆಸರಿನ ಬಲದಿಂದ ಮೆಚ್ಚಿದರು ಅನ್ನುವ ಹಾಗೂ ಇಲ್ಲ. 1947ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಅನ್ನುವ ಕಲಾಸಂಸ್ಥೆಯ ಪ್ರದರ್ಶನಕ್ಕೆ ಅವರು ಚಿತ್ರ ಕಳಿಸಿದ್ದು ಡೇವಿಡ್ ವಿಂಟರ್ ಅನ್ನುವ ಹೆಸರಲ್ಲಿ. ಎರಡು ಚಿತ್ರಗಳು ಆಯ್ಕೆಯಾದವು.