ಕ್ರೈಸ್ತ ಐತಿಹಾಸಿಕ ಪ್ರೇಮ ಕಾದಂಬರಿಗಳಲ್ಲಿ ಕೆಟ್ಟುಹೋದ ನಾಯಕ ಬದಲಾಗುವ ಕಥೆ ಅಷ್ಟೊಂದು ಜನಕ್ಕೆ ಹಿಡಿಸುವುದೇಕೆ?

ನೀವು ಕೇಳಿದ್ದು ಎರಡು. ಜೂಜುಕೋರನೋ ಕುಡುಕನೋ ಆಗಿದ್ದ ನಾಯಕ ದೇವರ ಕಡೆ ತಿರುಗಿ ಕೊನೆಗೆ ನಾಯಕಿಯ ಕೈಹಿಡಿಯುವ ಈ ಇಂಗ್ಲಿಷ್ ಕಾದಂಬರಿಗಳಲ್ಲಿ ಅಂಥದ್ದೇನಿದೆ ಎಂಬುದು ಮೊದಲನೆಯದು. ನೀವು ಓದಿದ ಎರಡರಲ್ಲೂ ಮಂಡಿಯೂರಿ ಒಂದು ಪ್ರಾರ್ಥನೆ ಮಾಡಿದ ಕೂಡಲೇ ಅವನು ಬೇರೆ ಮನುಷ್ಯನಾಗಿಬಿಟ್ಟ, ನಂಬಲಾಗಲಿಲ್ಲ, ಒಳ್ಳೆಯದನ್ನು ಆರಿಸುವುದು ಹೇಗೆ ಎಂಬುದು ಎರಡನೆಯದು.

ನಿಮ್ಮ ತಕರಾರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಸರಿಯಾದ ತಕರಾರು. ಪ್ರಾರ್ಥನೆಯೊಂದಿಗೆ ಎಲ್ಲ ಮುಗಿದುಹೋಗುವ ಕಾದಂಬರಿ ಕಥೆಯಾಗಿ ಸೋಲುತ್ತದೆ, ತಾನು ನಂಬಿದ ಧರ್ಮದ ಲೆಕ್ಕದಲ್ಲೂ ಸೋಲುತ್ತದೆ. ಬೈಬಲಿನಲ್ಲಿ, ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ, ಜಕ್ಕಾಯ ಬರುತ್ತಾನೆ. ಸುಂಕದವರ ಮುಖಂಡ, ಊರವರನ್ನು ಸುಲಿದು ಐಶ್ವರ್ಯ ಮಾಡಿಕೊಂಡವನು. ಯೇಸು ಅವನಿಗೆ ‘ಮೊದಲು ಬದಲಾಗು, ಆಮೇಲೆ ಬರುತ್ತೇನೆ’ ಅನ್ನಲಿಲ್ಲ. ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದ. ಅದಾದ ಮೇಲೆ ಜಕ್ಕಾಯ ಎದ್ದು ನಿಂತು ಆಡಿದ್ದು ಪೂರಾ ಲೆಕ್ಕದ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದು ನಾಲ್ಕರಷ್ಟಾಗಿ ವಾಪಸ್. ಕೃಪೆ ಮೊದಲು ಬಂತು, ಪುಕ್ಕಟೆ ಬಂತು. ಬಾಕಿ ತೀರಿಸುವುದು ಆಮೇಲೆ, ಅದೂ ಕೈಯಾರೆ. ಈ ಎರಡೂ ಒಂದೇ ಕಥೆಯಲ್ಲಿ ಕೂಡಿ ಬಂದಾಗ ಸಿಗುವ ತೃಪ್ತಿಗಾಗಿಯೇ ಓದುಗರು ಈ ಪುಸ್ತಕಗಳಿಗೆ ಮತ್ತೆ ಮತ್ತೆ ಮರಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡದ ಚರ್ಚುಗಳಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ, ಮಾನಸಾಂತರ. ಪಶ್ಚಾತ್ತಾಪ ಅಂದರೆ ಆದದ್ದಕ್ಕೆ ಮರುಗುವುದು. ಮಾನಸಾಂತರದಲ್ಲಿ ಮನುಷ್ಯ ನಡೆಯುವ ದಿಕ್ಕೇ ಬದಲಾಗಬೇಕು. ನೀವು ಓದಿದ ಎರಡು ಪುಸ್ತಕಗಳಲ್ಲಿ ಬಹುಶಃ ಮರುಗುವುದಷ್ಟೇ ಇತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ ನಾವು. ಈ ಗಾದೆ ಸುಳ್ಳಾಗಲಿ ಎಂದು ಮನಸಾರೆ ಬಯಸುವವರಿಗೆ ಈ ಕಥೆಗಳು ಬೇಕು. ಕುಡಿಯುವ ಅಣ್ಣನೋ ಸಾಲ ಮಾಡಿ ಓಡಿಹೋದ ಅಪ್ಪನೋ ಇರುವ ಮನೆಯವರಿಗೆ ಅದು ಸಣ್ಣ ಆಸೆಯಲ್ಲ. ಆದರೆ ನಮ್ಮ ಮನೆಗಳಲ್ಲೇ ಇನ್ನೊಂದು ಮಾತೂ ಓಡಾಡುತ್ತದೆ: ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗ್ತಾನೆ.’ ಎಷ್ಟು ಹುಡುಗಿಯರ ಬದುಕು ಆ ಒಂದು ಮಾತಿನಿಂದ ಹಾಳಾಗಿದೆ! ಈ ಪ್ರಕಾರದ ಒಳ್ಳೆಯ ಕಾದಂಬರಿ ಆ ಮಾತನ್ನು ನೇರವಾಗಿ ತಳ್ಳಿಹಾಕುತ್ತದೆ. ಕೊರಿಂಥದವರಿಗೆ ಪೌಲ ಬರೆದ ಎರಡನೆಯ ಪತ್ರದಲ್ಲಿ (6:14) ನಂಬದವರ ಜೊತೆ ಒಂದೇ ನೊಗಕ್ಕೆ ಕೊರಳು ಕೊಡಬೇಡಿ ಎಂಬ ಎಚ್ಚರಿಕೆಯಿದೆ. ಭಕ್ತೆಯಾದ ನಾಯಕಿ ಇದಕ್ಕೆ ಬದ್ಧಳು. ಅಂದರೆ ಅವನು ತಿರುಗುವುದು ಮದುವೆಗೆ ಮೊದಲೇ ಆಗಬೇಕು, ಮದುವೆಯ ಆಸೆಯಿಂದ ಆಗಬಾರದು. ‘ನಿನಗೋಸ್ಕರ ನಂಬುತ್ತೇನೆ’ ಅಂದರೆ ಆ ನಂಬಿಕೆ ಖೋಟಾ. ಇಡೀ ಪ್ರಕಾರ ನಿಂತಿರುವುದು ಈ ಗಂಟಿನ ಮೇಲೆ. ನುರಿತ ಲೇಖಕಿಯರು ಇದನ್ನು ಬಿಡಿಸುವ ದಾರಿ ಒಂದೇ: ಅವಳು ತನಗೆ ಇನ್ನು ಸಿಗುವುದಿಲ್ಲ ಎಂದು ಖಚಿತವಾದ ಮೇಲೆ ಅವನು ತಿರುಗುತ್ತಾನೆ. ಪುಸ್ತಕದ ಮುಕ್ಕಾಲು ಭಾಗ ಕಳೆದಿರುತ್ತದೆ, ಅವಳು ಇಲ್ಲವೆಂದು ಹೇಳಿ ಹೋಗಿರುತ್ತಾಳೆ, ಅವನಿಗೆ ಇದರಿಂದ ಯಾವ ಲಾಭವೂ ಇರುವುದಿಲ್ಲ. ಆಗ ಆಡುವ ಪ್ರಾರ್ಥನೆಗೆ ತೂಕ ಬರುತ್ತದೆ.

ಹಾಗಾದರೆ ಐತಿಹಾಸಿಕವೇ ಯಾಕೆ, ಇವತ್ತಿನ ಕಥೆಯಾದರೆ ಸಾಲದೇ ಅಂದರೆ, ಹಳೆಯ ಕಾಲದಲ್ಲಿ ಕೆಟ್ಟ ಗಂಡನನ್ನು ನಂಬುವುದು ಕಾನೂನಿನ ದೃಷ್ಟಿಯಲ್ಲೂ ಬಾವಿಗೆ ಹಾರಿದ ಹಾಗೆ. ಇಂಗ್ಲೆಂಡಿನಲ್ಲಿ 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಬರುವ ತನಕ ಸಾಮಾನ್ಯ ಕಾನೂನಿನಂತೆ ಹೆಂಡತಿ ತಂದ ನಗದು, ಒಡವೆ, ಪಾತ್ರೆಪಡಗ ಎಲ್ಲ ಗಂಡನದು. ಅವಳ ಜಮೀನಿನ ಗೇಣಿಯೂ ಅವನ ಕೈಗೇ. (1870ರ ಕಾಯ್ದೆ ಮುಖ್ಯವಾಗಿ ದುಡಿಮೆಯ ಹಣಕ್ಕೆ ಒಂದಿಷ್ಟು ರಕ್ಷಣೆ ಕೊಟ್ಟಿತ್ತು.) ಸಿರಿವಂತ ತಂದೆಯರು ಮದುವೆಗೆ ಮುಂಚೆ ಕರಾರು ಬರೆಸಿ ಮಗಳ ಪಾಲನ್ನು ಟ್ರಸ್ಟಿಗಳ ವಶಕ್ಕೆ ಒಪ್ಪಿಸುತ್ತಿದ್ದರು, ಬಡ ಪಾದ್ರಿಯ ಮಗಳಿಗೆ ಆ ಆಸರೆಯೂ ಇಲ್ಲ. 1857ಕ್ಕೆ ಮೊದಲು ವಿಚ್ಛೇದನ ಪಡೆದು ಮತ್ತೆ ಮದುವೆಯಾಗಬೇಕಾದರೆ ಪಾರ್ಲಿಮೆಂಟಿನಲ್ಲಿ ನಿಮ್ಮೊಬ್ಬರಿಗಾಗಿಯೇ ಒಂದು ಕಾಯ್ದೆ ಪಾಸಾಗಬೇಕಿತ್ತು. ಆಮೇಲೂ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು; ಹೆಂಡತಿಗಾದರೆ ಅದರ ಜೊತೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡುವ ಹೊರೆ. ಈ ಹಿನ್ನೆಲೆ ಗೊತ್ತಿದ್ದರೆ ನಾಯಕಿ ‘ಆಗಲಿ’ ಅನ್ನಲು ಮುನ್ನೂರು ಪುಟ ತೆಗೆದುಕೊಳ್ಳುವುದು ನಖರಾ ಅನ್ನಿಸುವುದಿಲ್ಲ. ಪ್ರಕಾಶಕರ ಕಟ್ಟುನಿಟ್ಟಿನಿಂದ ಈ ಪುಸ್ತಕಗಳಲ್ಲಿ ಹಾಸಿಗೆಯ ದೃಶ್ಯಗಳಿಲ್ಲ, ಹೊಲಸು ಬೈಗುಳವಿಲ್ಲ. ಬಿಗುವೆಲ್ಲ ನಂಬಬಹುದೇ ಎಂಬ ಒಂದೇ ಪ್ರಶ್ನೆಯಲ್ಲಿ ಕೂತಿರುತ್ತದೆ.

ಈಗ ಬದಲಾವಣೆ ನಿಜವೋ ಅಲ್ಲವೋ ಎಂದು ಅಳೆಯುವ ಒಂದು ವಿವರ. ರಾಜನ ಬದಲು ಯುವರಾಜ ಆಳುತ್ತಿದ್ದ 1811ರಿಂದ 1820ರ ರೀಜೆನ್ಸಿ ಕಾಲದ ಲಂಡನ್ನಿನ ಕಥೆ ಅನ್ನಿ. ನಾಯಕ ಜೂಜಿನಲ್ಲಿ ಮುಳುಗಿದ ಶ್ರೀಮಂತ. ಆ ವರ್ಗದಲ್ಲಿ ಜೂಜಿನ ಸಾಲಕ್ಕೆ ‘ಮರ್ಯಾದೆಯ ಸಾಲ’ ಎಂದು ಹೆಸರು. 1710ರ ಕಾಯ್ದೆಯಂತೆ ಅದಕ್ಕೆ ಬರೆದುಕೊಟ್ಟ ಪತ್ರ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದಲೇ ಅದನ್ನು ತಡಮಾಡದೆ ಕೊಡುವುದು ಗಂಡಸಿನ ಪ್ರತಿಷ್ಠೆಯ ಮಾತು. ಅದೇ ಮನುಷ್ಯ ತನ್ನ ದರ್ಜಿಗೆ, ಬೂಟು ಹೊಲಿದವನಿಗೆ, ಮೇಣದಬತ್ತಿ ತಂದುಕೊಟ್ಟವನಿಗೆ ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುತ್ತಿದ್ದ. ಆ ದರ್ಜಿ ಬಟ್ಟೆ ವರ್ತಕನ ಸಾಲ ತೀರಿಸಲಾಗದೆ ಸಾಲಗಾರರ ಜೈಲು ಸೇರಿದರೂ ಇವನ ಮರ್ಯಾದೆಗೆ ಕುಂದಿಲ್ಲ. ಬದಲಾದ ನಾಯಕ ಈ ಸರದಿಯನ್ನು ತಿರುಗಿಸಬೇಕು. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ನಿಂತು, ಖಾತೆ ಪುಸ್ತಕ ತೆಗೆಸಿ, ಮೂರು ವರ್ಷದ ಹಿಂದಿನ ಕೋಟಿನ ಬಾಕಿಯನ್ನು ಎಣಿಸಿ ಮೇಜಿನ ಮೇಲಿಡಬೇಕು. ದರ್ಜಿ ಕುದುರೆ ಮಾರಿದಿರಾ ಸ್ವಾಮಿ ಎಂದು ಕೇಳಿದರೆ ಹೌದು ಅನ್ನಬೇಕು. ಕ್ಲಬ್ಬಿನ ಗೆಳೆಯರು ಇವನ ಮುಖ ನೋಡದೆ ಹೋಗಬೇಕು. ಇಂಥ ಒಂದು ಪುಟ ಹತ್ತು ಪುಟದ ಕಣ್ಣೀರಿಗಿಂತ ಹೆಚ್ಚು ನಂಬಿಸುತ್ತದೆ.

ಹಾಳಾಗುವುದು ಎಲ್ಲಿ ಅಂತೀರಾ? ನಾನು ಕಂಡಂತೆ ಬಹುಪಾಲು ಒಂದೇ ಕಡೆ. ಸಾಮಾನ್ಯ ಪ್ರೇಮ ಕಾದಂಬರಿಯಲ್ಲಿ ನಾಯಕ ತಪ್ಪು ಮಾಡಿದರೆ ಕೊನೆಗೆ ನಾಯಕಿಯ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳುತ್ತಾನೆ. ಇಲ್ಲಿ ಅವನು ದೇವರ ಹತ್ತಿರ ಕೇಳಿಬಿಡುತ್ತಾನೆ, ಲೇಖಕಿಗೆ ಅಷ್ಟರಲ್ಲೇ ಕೆಲಸ ಮುಗಿಯಿತು ಅನ್ನಿಸುತ್ತದೆ. ಅವಳ ಹತ್ತಿರ ಕೇಳುವುದು ಬಿಟ್ಟೇಹೋಗುತ್ತದೆ; ದೇವರೇ ಕ್ಷಮಿಸಿದ ಮೇಲೆ ನಿನ್ನದೇನು ಎಂಬ ಒತ್ತಾಯ ಅವಳ ಮೇಲೆ ಬೀಳುತ್ತದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಹೇಳುವುದು ಇದಕ್ಕೆ ತದ್ವಿರುದ್ಧ: ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಸಮಾಧಾನ ಮಾಡಿಕೋ, ಆಮೇಲೆ ಬಾ. ಈ ಸರದಿ ತಪ್ಪಿದ ಕಾದಂಬರಿಯಲ್ಲಿ ಭಕ್ತಿ ಎಷ್ಟಿದ್ದರೂ ಓದುಗನ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ದೋಷವೆಂದರೆ ನಾಯಕನ ಪಾಪ ಬರೀ ವದಂತಿಯಾಗಿರುವುದು. ಊರೆಲ್ಲ ಅವನನ್ನು ಕೆಟ್ಟವನೆನ್ನುತ್ತದೆ, ಕೊನೆಗೆ ನೋಡಿದರೆ ಅವನು ತಮ್ಮನ ತಪ್ಪು ಹೊತ್ತುಕೊಂಡ ಸಜ್ಜನ. ಅಲ್ಲಿ ವಿಮೋಚನೆಗೆ ಕೆಲಸವೇ ಇಲ್ಲ.

ಎಷ್ಟು ಕಾಲ ಹಿಡಿಯಬೇಕು ಎಂಬುದಕ್ಕೆ ಚರಿತ್ರೆಯಲ್ಲೇ ಅಳತೆಗೋಲಿದೆ. ‘ಅಮೇಜಿಂಗ್ ಗ್ರೇಸ್’ ಕೀರ್ತನೆ ಬರೆದ ಜಾನ್ ನ್ಯೂಟನ್ 1725ರಲ್ಲಿ ಹುಟ್ಟಿದವನು. ಬಾಯಿ ಬಿಟ್ಟರೆ ದೇವನಿಂದೆ ಮಾಡುತ್ತಿದ್ದ ನಾವಿಕ. 1742ರಲ್ಲಿ ಮೇರಿ ಕ್ಯಾಟ್ಲೆಟ್ ಎಂಬ ಹುಡುಗಿಯನ್ನು ನೋಡಿ ಮನಸೋತ, 1750ರಲ್ಲಿ ಅವಳನ್ನು ಮದುವೆಯಾದ. ನಡುವೆ 1748ರ ಮಾರ್ಚಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ನೀರು ಹೊರಹಾಕುತ್ತ ದೇವರನ್ನು ಕೂಗಿದ. ಕಾದಂಬರಿಯಾದರೆ ಅಲ್ಲಿಗೆ ಶುಭಂ. ನಿಜದಲ್ಲಿ ಅವನು ಅದಾದ ಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ದುಡಿದ. ಮೇಲಿನ ಅಟ್ಟದಲ್ಲಿ ಪ್ರಾರ್ಥನೆ ನಡೆಸಿದ, ಹೆಂಡತಿಗೆ ಪ್ರೀತಿಯ ಪತ್ರ ಬರೆದ. ಕೆಳಗೆ ಸರಪಳಿಯಲ್ಲಿ ಮನುಷ್ಯರಿದ್ದರು. 1754ರಲ್ಲಿ ಸಮುದ್ರ ಬಿಟ್ಟದ್ದೂ ಕಾಯಿಲೆ ಬಂದದ್ದರಿಂದ. 1764ರಲ್ಲಿ ಪಾದ್ರಿಯಾದ. ಗುಲಾಮ ವ್ಯಾಪಾರದ ವಿರುದ್ಧ ತನ್ನ ಹೆಸರು ಹಾಕಿ, ತನ್ನ ಪಾಲನ್ನು ಒಪ್ಪಿಕೊಂಡು ಬರೆದದ್ದು 1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಕ್ಕೆ. ನಾನಿನ್ನೂ ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ ಎಂದು ಬಿರುಗಾಳಿಯ ನಂತರದ ಮೊದಲ ದಿನಗಳ ಬಗ್ಗೆ ಅವನೇ ಬರೆದುಕೊಂಡಿದ್ದಾನೆ. ಅಮೆರಿಕದ ತೋಟದ ಯಜಮಾನನೊಬ್ಬ ಕುಡಿತ ಬಿಟ್ಟ, ಬೈಬಲ್ ಹಿಡಿದ, ಆದರೆ ಹೊಲದಲ್ಲಿ ಗುಲಾಮರು ಹಾಗೇ ದುಡಿಯುತ್ತಿದ್ದಾರೆ ಎಂಬಂಥ ಕಾದಂಬರಿ ಸಿಕ್ಕಿದರೆ ನ್ಯೂಟನ್ನನನ್ನು ನೆನೆಸಿಕೊಳ್ಳಿ. ಅಂಥವನನ್ನು ವಿಮೋಚನೆ ಹೊಂದಿದ ನಾಯಕ ಎನ್ನಲು ನಾನು ಒಪ್ಪುವುದಿಲ್ಲ.

ಒಂಟಿಯಾಗಿ ಬದಲಾಗುವ ನಾಯಕನ ಬಗ್ಗೆಯೂ ಸ್ವಲ್ಪ ಅನುಮಾನವಿರಲಿ. ಇಂಗ್ಲೆಂಡಿನ ಕ್ರೈಸ್ತ ಸುಧಾರಣಾ ಪಂಥವಾದ ಮೆಥಡಿಸ್ಟರು 1742ರಲ್ಲಿ ಬ್ರಿಸ್ಟಲಿನಲ್ಲಿ ಶುರುಮಾಡಿದ ಕ್ಲಾಸ್ ಎಂಬ ಕೂಟದಲ್ಲಿ ಸುಮಾರು ಹನ್ನೆರಡು ಜನ, ಅವರಿಗೊಬ್ಬ ಮುಂದಾಳು. ವಾರವಾರವೂ ಅವನು ಪ್ರತಿಯೊಬ್ಬರ ಆತ್ಮದ ಸ್ಥಿತಿ ವಿಚಾರಿಸಬೇಕು. ಕುಡಿತ ಬಿಟ್ಟವನಿಗೆ ಆಸರೆಯಾದದ್ದು ಇಂಥ ಹನ್ನೆರಡು ಜೊತೆ ಕಣ್ಣು. ಆ ಕಾಲದ ಕಥೆಯಲ್ಲಿ ಇವರಾರೂ ಇಲ್ಲದೆ ನಾಯಕಿಯೊಬ್ಬಳೇ ಅವನ ಕಾವಲಿಗೆ ನಿಂತರೆ ಆ ಕೆಲಸ ಹೆಂಡತಿಯ ತಲೆಗೇ ಬಿತ್ತು ಅಂತ ಅರ್ಥ.

ಇನ್ನು ಆರಿಸುವ ವಿಷಯ. ಮೊದಲ ಐವತ್ತು ಪುಟದೊಳಗೆ ನಾಯಕನಿಂದ ನೊಂದ ಒಬ್ಬ ವ್ಯಕ್ತಿ ಹೆಸರಿನೊಂದಿಗೆ ಬರುತ್ತಾನೋ ನೋಡಿ: ಮೋಸಹೋದ ಗೇಣಿದಾರ, ಅವನು ಕೈಬಿಟ್ಟ ಹುಡುಗಿ, ಯಾರಾದರೂ. ನಂತರ ಮುಕ್ಕಾಲು ಭಾಗಕ್ಕೆ ಹಾರಿ ಪ್ರಾರ್ಥನೆಯ ದೃಶ್ಯ ಹುಡುಕಿ. ಅಲ್ಲಿಂದ ಮದುವೆಗೆ ಎಷ್ಟು ಪುಟ, ಕಥೆಯೊಳಗೆ ಎಷ್ಟು ತಿಂಗಳು ಎಂದು ಎಣಿಸಿ. ಹದಿನೈದು ಪುಟ, ಒಂದು ವಾರ ಅಂದರೆ ಕೆಳಗಿಡಬಹುದು. ಆ ನಡುವೆ ಹೆಸರಿದ್ದ ಆ ವ್ಯಕ್ತಿ ಮತ್ತೆ ಬರಬೇಕು, ನಾಯಕ ಏನನ್ನಾದರೂ ಕಳೆದುಕೊಳ್ಳಬೇಕು, ಹಳೆಯ ಚಟ ಒಮ್ಮೆಯಾದರೂ ಬಾಗಿಲು ತಟ್ಟಬೇಕು. ಕ್ಷಮಿಸದೆ ಉಳಿಯುವ ಪಾತ್ರವೊಂದಿದ್ದು ಲೇಖಕಿ ಅದನ್ನು ಖಳನಾಗಿಸದೆ ಬಿಟ್ಟಿದ್ದರೆ ಹಿಂದುಮುಂದು ನೋಡದೆ ಆ ಪುಸ್ತಕ ಖರೀದಿಸಿ.

ಹುಡುಕುವಾಗ ಒಂದು ಗೊಂದಲ ಎದುರಾಗುತ್ತದೆ. ಈ ಪ್ರಕಾರ ದೊಡ್ಡ ಮಾರುಕಟ್ಟೆಯಾದದ್ದು ಜಾನೆಟ್ ಓಕ್ ಅವರ ಮೊದಲ ಕಾದಂಬರಿ 1979ರಲ್ಲಿ ಬಂದ ಮೇಲೆ. ಅದು ಹುಲ್ಲುಗಾವಲ ಸೀಮೆಯ ಸರಳ ಕಥೆ, ಅಲ್ಲಿ ಕೆಟ್ಟ ನಾಯಕನಿಲ್ಲ. ಎಲ್ಲರೂ ಮೊದಲು ಹೇಳುವ ಹೆಸರು ಫ್ರಾನ್ಸೀನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’. ಅದು ಚಿನ್ನದ ಹುಚ್ಚಿನ ಕಾಲದ ಕ್ಯಾಲಿಫೋರ್ನಿಯಾಕ್ಕೆ ಬೈಬಲಿನ ಹೋಶೇಯ ಪ್ರವಾದಿಯ (ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಸ್ವೀಕರಿಸಿದವನು) ಕಥೆಯನ್ನು ತಂದ ಪುಸ್ತಕ. ಅಲ್ಲಿ ಬಿಡುಗಡೆ ಬೇಕಾದದ್ದು ನಾಯಕಿಗೆ, ನಾಯಕ ಮೊದಲಿನಿಂದಲೂ ಭಕ್ತ. 1991ರಲ್ಲಿ ಸಾಮಾನ್ಯ ಪ್ರಕಾಶನದಿಂದ ಬಂದದ್ದನ್ನು ಪರಿಷ್ಕರಿಸಿ 1997ರಲ್ಲಿ ಕ್ರೈಸ್ತ ಪ್ರಕಾಶನ ಹೊರತಂದಿತು, ಈಗ ಸಿಗುವುದು ಅದೇ. ನಿಮಗೆ ಬೇಕಾದ್ದು ನಾಯಕನ ಕಥೆಯಾದರೆ ಅದರಿಂದ ಶುರು ಮಾಡಬೇಡಿ. ನಾಯಕಿಯ ಮೇಲೆ ಕೈಯೆತ್ತಿದ ನಾಯಕನನ್ನು ಅವಳಿಗೇ ಮದುವೆ ಮಾಡಿಸುವ ಪುಸ್ತಕವನ್ನು, ಯಾರೆಷ್ಟೇ ಹೊಗಳಲಿ, ಬಿಟ್ಟುಬಿಡಿ. ಅವಳು ಅವನನ್ನು ಕ್ಷಮಿಸಬಹುದು. ಅದಕ್ಕಾಗಿ ಅವನ ಮನೆ ಸೇರಬೇಕಾಗಿಲ್ಲ.